ಮೂವರು ಹಾಸ್ಯಗಾರ ಗೆಳೆಯರು ಒಟ್ಟಿಗೆ ಕೂತರೆ ಕಾರ್ಯಕ್ರಮ ಯಾಕೆ ಜಾಳಾಗುತ್ತದೆ?

ನಿಮ್ಮ ಪ್ರಶ್ನೆ ಚುಟುಕಾಗಿ ಹೀಗಿದೆ: ಮೂವರು ಹಾಸ್ಯಗಾರ ಗೆಳೆಯರು, 75 ನಿಮಿಷದ ಕಾರ್ಯಕ್ರಮ, ಸುಮಾರು 80 ಜನ. ಒಬ್ಬೊಬ್ಬರೇ ನಿಂತು ಮಾತಾಡಿದರೆ ಸಭೆ ಬಿದ್ದು ಬಿದ್ದು ನಗುತ್ತದೆ. ಮೂವರೂ ಸೋಫಾದಲ್ಲಿ ಕೂತು ತಮ್ಮ ತಮ್ಮ ಫಜೀತಿ ಹೇಳಿಕೊಂಡು, ಸಭೆಯ ತುಂಟ ಪ್ರಶ್ನೆಗಳಿಗೆ ಉತ್ತರ ಕೊಡಲು ಹೊರಟರೆ ಮಾತ್ರ ಸಪ್ಪೆ. ಏನು ಮಾಡಬೇಕು?

ಮೊದಲು ಆ ಸೋಫಾ ಎತ್ತಿ ಹೊರಗಿಡಿ. ಸೋಫಾದಲ್ಲಿ ಕೂತವನ ಸೊಂಟ ಕುಸಿಯುತ್ತದೆ, ದನಿಯೂ ಅದರ ಜೊತೆ ಕುಸಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಸಾಲಾಗಿ ಕೂತಾಗ ಎರಡು ತುದಿಯವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ನಡುವಿನವನು ಗೋಡೆಯಾಗುತ್ತಾನೆ. ಬೆನ್ನು ನೇರ ಇರುವ ಮೂರು ಕುರ್ಚಿ ಸಾಕು. ನಡುವಿನ ಕುರ್ಚಿಯನ್ನು ಒಂದು ಅಡಿ ಹಿಂದಕ್ಕೆ ಸರಿಸಿ, ತುದಿಯ ಎರಡನ್ನು ಒಳಕ್ಕೆ ಸ್ವಲ್ಪ ತಿರುಗಿಸಿ. ಮೂವರಿಗೂ ಮೂವರ ಕಣ್ಣು ಕಾಣಬೇಕು, ಸಭೆಗೆ ಮೂವರ ಮುಖವೂ ಕಾಣಬೇಕು.

ಇಷ್ಟಕ್ಕೇ ಅರ್ಧ ಸರಿಹೋಗುತ್ತದೆ ಎಂದರೆ ನಗಬೇಡಿ. ಇಂಥ ಕಾರ್ಯಕ್ರಮದಲ್ಲಿ ಕಥೆ ಹೇಳುವವನಿಗಿಂತ ಪಕ್ಕದಲ್ಲಿ ಕೂತು ಕೇಳುವವರ ಕೆಲಸ ದೊಡ್ಡದು. ಹೇಳುವವನು ಮನೆಯಲ್ಲಿ ಹತ್ತು ಸಲ ತಯಾರಿ ಮಾಡಿ ಬರುತ್ತಾನೆ, ಕೇಳುವವರಿಗೆ ಯಾರೂ ಏನೂ ಹೇಳಿಕೊಡುವುದಿಲ್ಲ. ಅವರು ತಮ್ಮ ಸರದಿಯ ಕಥೆಯನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತ ಕೂತಿರುತ್ತಾರೆ, ಮುಖದಲ್ಲಿ ಮಾತ್ರ ಒಂದು ಹುಸಿನಗೆ. ಸಭೆಗೆ ಅದು ಕ್ಷಣದಲ್ಲಿ ಗೊತ್ತಾಗುತ್ತದೆ.

ರಾಬರ್ಟ್ ಪ್ರೊವೈನ್ ಎಂಬ ಅಮೆರಿಕದ ವಿಜ್ಞಾನಿ ಜನ ಸಹಜವಾಗಿ ಮಾತಾಡುತ್ತ ನಕ್ಕ ಸುಮಾರು 1,200 ಸಂದರ್ಭಗಳನ್ನು ಕಲೆಹಾಕಿ ನೋಡಿದರು. ಜೋಕು ಎನ್ನಬಹುದಾದ ಮಾತಿನ ಬೆನ್ನಿಗೆ ಬಂದ ನಗು ನೂರಕ್ಕೆ 10ರಿಂದ 20 ಮಾತ್ರ. ಉಳಿದದ್ದೆಲ್ಲ 'ಸರಿ, ಬರ್ತೀನಿ' ಎಂಬಂಥ ಸಾದಾ ಮಾತಿಗೆ. ಒಂಟಿಯಾಗಿದ್ದಾಗಿನದಕ್ಕಿಂತ ಜೊತೆಯಲ್ಲಿ ಯಾರಾದರೂ ಇದ್ದಾಗ ಮನುಷ್ಯ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆ ಎಂಬುದೂ ಅವರದೇ ಲೆಕ್ಕ. ನಿಮ್ಮ ಸಭೆ ದುಡ್ಡು ಕೊಟ್ಟು ನೋಡಲು ಬರುವುದು ಗೆಳೆಯರು ಒಬ್ಬರನ್ನೊಬ್ಬರು ನಗಿಸುವುದನ್ನು. ಆ ನಗು ನಿಜವಾಗಿರಬೇಕು.

ನಿಜವಾಗಿರಬೇಕಾದರೆ ಪ್ರತಿ ಕಥೆಗೂ ಪಾತ್ರ ಹಂಚಿಕೊಳ್ಳಿ. ಒಬ್ಬ ಹೇಳುವವನು. ಇನ್ನೊಬ್ಬ ಸಾಕ್ಷಿ, ಅಂದರೆ ಘಟನೆ ನಡೆದಾಗ ಅಲ್ಲಿದ್ದವನು ಅಥವಾ ಮೊದಲೇ ಕೇಳಿದವನು. ಮೂರನೆಯವನಿಗೆ ಏನೂ ಗೊತ್ತಿರಬಾರದು. ಸಾಕ್ಷಿಯ ಕೆಲಸ 'ಸುಳ್ಳು, ಅವತ್ತು ನೀನು ಅಷ್ಟು ಧೈರ್ಯವಾಗಿರಲಿಲ್ಲ' ಎಂದು ತಕರಾರು ತೆಗೆಯುವುದು. ಗೊತ್ತಿಲ್ಲದವನ ಕೆಲಸ ಸಭೆಯ ಮನಸ್ಸಿನಲ್ಲಿರುವ ಪ್ರಶ್ನೆ ಕೇಳುವುದು. ಮೂವರಿಗೂ ಗೊತ್ತಿರುವ ಕಥೆಯನ್ನು ಪಟ್ಟಿಯಿಂದ ಕೈಬಿಡಿ, ಎಷ್ಟೇ ಚೆನ್ನಾಗಿರಲಿ. ಮೂವರೇ ನಗುವ ಒಳಜೋಕಾಗಿ ಬಿಡುವ ಅಪಾಯ ಅದರಲ್ಲೇ ಹೆಚ್ಚು. ಹಾಗಾಗಿ ತಾಲೀಮಿನಲ್ಲಿ ಪೂರ್ತಿ ಕಥೆ ಹೇಳಿಕೊಳ್ಳಬೇಡಿ. ಕಥೆಯ ಹೆಸರು, ಎಷ್ಟು ನಿಮಿಷ, ಅದರಲ್ಲಿ ಯಾರ್ಯಾರು ಬರುತ್ತಾರೆ, ಇಷ್ಟೇ.

ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ತಾನು ಬುಕ್ ಮಾಡಿದ ಟ್ಯಾಕ್ಸಿ ಎಂದುಕೊಂಡು ಯಾರದೋ ಕಾರು ಹತ್ತಿದ ಪ್ರಸಂಗ. ಹೆಚ್ಚಿನವರು 'ಅವತ್ತು ನನಗೊಂದು ಮೀಟಿಂಗ್ ಇತ್ತು, ಮಳೆ ಬೇರೆ' ಎಂದು ಶುರು ಮಾಡುತ್ತಾರೆ. ಆ ಮಳೆ ಯಾರಿಗೂ ಬೇಡ. 'ಹಿಂದಿನ ಸೀಟಲ್ಲಿ ಕೂತು, ಬಾಗಿಲು ಹಾಕಿ, ಎಸಿ ಸ್ವಲ್ಪ ಜಾಸ್ತಿ ಮಾಡಿ ಅಂದೆ. ಮುಂದೆ ಕೂತಿದ್ದ ಗಂಡ ಹೆಂಡತಿ ಇಬ್ಬರೂ ತಿರುಗಿ ನೋಡಿದರು.' ಹತ್ತು ಸೆಕೆಂಡಿಗೆ ಮೊದಲ ನಗು. 'ಆ ಮನುಷ್ಯ ಪಾಪ, ಎಸಿ ಜಾಸ್ತಿ ಮಾಡಿದ.' ಎರಡನೆಯದು. ಈಗ ಗೊತ್ತಿಲ್ಲದವನು ಕೇಳಬೇಕು: 'ಇಳಿದ್ಯಾ, ಇಲ್ವಾ?' ಉತ್ತರ: 'ಎಸಿ ಚೆನ್ನಾಗಿತ್ತು ಕಣೋ.' ಮೂರನೆಯ ನಗು ಗೆಳೆಯ ಕೊಟ್ಟದ್ದು. ಹೇಳುವವನು ಅದನ್ನು ಒಬ್ಬನೇ ಹುಟ್ಟಿಸಲಾರ.

ಆದರೆ ಬಾಯಿ ಹಾಕಲು ಒಂದು ಹೊತ್ತಿದೆ. ನಗು ಏರುತ್ತಿರುವಾಗ ಮಾತಾಡಿದರೆ ಮಾತೂ ಹೋಯಿತು, ನಗುವೂ ಹೋಯಿತು. ಏರಿ, ಇಳಿಯಲು ಶುರುವಾದ ಕೂಡಲೇ ಆಡಬೇಕು, ಪೂರ್ತಿ ನಿಶ್ಶಬ್ದವಾಗುವ ತನಕ ಕಾದರೂ ತಡವೇ. ಆಡುವ ಮಾತು ಐದಾರು ಪದ ದಾಟಬಾರದು. ಪಂಚ್‌ಗೆ, ಅಂದರೆ ನಗು ಸಿಡಿಸುವ ಮಾತಿಗೆ, ಮುಂಚಿನ ಎರಡು ವಾಕ್ಯಗಳಲ್ಲಿ ಯಾರೂ ತುಟಿ ಪಿಟಕ್ಕೆನ್ನಬಾರದು. ಅದಕ್ಕೊಂದು ಸನ್ನೆ ಗೊತ್ತು ಮಾಡಿಕೊಳ್ಳಿ: ಹೇಳುವವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದನೆಂದರೆ ಉಳಿದವರು ಸುಮ್ಮನಿರಬೇಕು. ಹಳಿ ತಪ್ಪಿದರೆ 'ಎಲ್ಲಿದ್ದೆ?' ಎಂದು ಸಭೆಯನ್ನು ಕೇಳಬೇಡಿ. ನಿಂತ ಜಾಗದ ವಾಕ್ಯವನ್ನೇ ಇನ್ನೊಮ್ಮೆ ಹೇಳಿ ಮುಂದೆ ಹೋಗಿ.

ಇನ್ನು ಅತಿ ಕೆಟ್ಟ ವಾಕ್ಯ: 'ನನಗೂ ಹೀಗೇ ಆಗಿತ್ತು.' ಹಾಸ್ಯಗಾರರಿಗೆ ಇದು ಗಂಟಲವರೆಗೆ ಬಂದೇ ಬರುತ್ತದೆ. ಆಡಿದ ಕ್ಷಣ ಮೊದಲಿನ ಕಥೆ ಸತ್ತಿತು, ಮೇಲಾಟ ಶುರು. ಮಡಿಲಲ್ಲಿ ಒಂದು ಕಾಗದ ಇಟ್ಟುಕೊಂಡು ಗೀಚಿಕೊಳ್ಳಿ, ಪ್ರಶ್ನೋತ್ತರದ ಹೊತ್ತಿಗೆ ಬೇಕಾಗುತ್ತದೆ.

ಯಾವ ಕಥೆ ಆರಿಸಬೇಕು ಎಂಬುದಕ್ಕೆ ಅಮೆರಿಕದ ಸಂಶೋಧಕರಾದ ಪೀಟರ್ ಮೆಕ್‌ಗ್ರಾ ಮತ್ತು ಕೇಲೆಬ್ ವಾರೆನ್ 2010ರಲ್ಲಿ ಮಂಡಿಸಿದ ವಿಚಾರ ಕೆಲಸಕ್ಕೆ ಬರುತ್ತದೆ: ಏನೋ ತಪ್ಪಾಗಿದೆ ಎಂದೂ, ಅದರಿಂದ ಅಪಾಯವೇನಿಲ್ಲ ಎಂದೂ ಒಟ್ಟಿಗೇ ಅನ್ನಿಸಿದಾಗ ನಗು ಹುಟ್ಟುತ್ತದೆ. ಹೇಳುವವನ ನೋವು ಇನ್ನೂ ಹಸಿಯಾಗಿದ್ದರೆ ಸಭೆ ಅಯ್ಯೋ ಎನ್ನುತ್ತದೆ, ನಗುವುದಿಲ್ಲ. ಪಕ್ಕದ ಗೆಳೆಯ ಮನಸಾರೆ ನಕ್ಕರೆ, ನಗಬಹುದು, ಇವನಿಗೇನೂ ಆಗಿಲ್ಲ ಎಂದು ಸಭೆಗೂ ಅಪ್ಪಣೆ ಸಿಕ್ಕಂತೆ. ಗೆಳೆಯ ನಗದೆ ಗಾಬರಿಯಾದರೆ ಆ ಕಥೆ ಇನ್ನೂ ಹಣ್ಣಾಗಿಲ್ಲ ಎಂದು ತಿಳಿಯಿರಿ.

ಪ್ರತಿಯೊಬ್ಬರೂ ಮುಟ್ಟಬಾರದ ಎರಡು ಮೂರು ವಿಷಯಗಳನ್ನು ಮೊದಲೇ ಹೇಳಿಬಿಡಲಿ. ಕಾರಣ ಕೇಳಬೇಡಿ. ಜೊತೆಗೆ ಒಂದು ಗುಪ್ತ ವಾಕ್ಯ ಇರಲಿ, 'ನೀರು ಕೊಡಿ' ಎಂಬಂಥದ್ದು; ಯಾರೇ ಹೇಳಿದರೂ ವಿಷಯ ಅಲ್ಲೇ ಕಟ್. ಕಥೆಯಲ್ಲಿ ಬರುವ ಹೊರಗಿನವರ ಹೆಸರು ಬದಲಿಸಿದರೆ ಸಾಲದು, ಕೆಲಸ ಮತ್ತು ಸಂಬಂಧವನ್ನೂ ಬದಲಿಸಿ. 'ನನ್ನ ಹಳೇ ಬಾಸ್' ಎಂದರೆ ಹೆಸರು ಹೇಳಿದಂತೆಯೇ.

ಸಮಯ ಹೀಗೆ ಹಂಚಿ: ಆರಂಭಕ್ಕೆ 5 ನಿಮಿಷ, ತಲಾ ಎರಡರಂತೆ ಆರು ಕಥೆಗಳಿಗೆ 36, ಪ್ರಶ್ನೆಗಳಿಗೆ 28, ಉಳಿದ 6 ನಗುವಿಗೆ ಮತ್ತು ಎಡವಟ್ಟಿಗೆ. ಒಂದು ಕಥೆಗೆ 6 ನಿಮಿಷ ಎಂದರೆ ಹೇಳುವುದು 4, ಮೇಲಿನ ಹರಟೆ 2. ಎರಡನೇ ಅತ್ಯುತ್ತಮ ಕಥೆ ಮೊದಲಿಗೆ, ಅತ್ಯುತ್ತಮವಾದದ್ದು ಕೊನೆಗೆ.

ಪ್ರಶ್ನೋತ್ತರಕ್ಕೆ ಬರೋಣ. ಹೆಚ್ಚು ಕಾರ್ಯಕ್ರಮಗಳು ಕೈಕೊಡುವುದು ಇಲ್ಲೇ. 'ಯಾರಿಗಾದರೂ ಪ್ರಶ್ನೆ ಇದೆಯೇ?' ಎಂದು ಮೈಕ್ ಬಿಟ್ಟರೆ ಮೊದಲು ಮೌನ, ಆಮೇಲೆ ಒಬ್ಬರ ಭಾಷಣ. ಚೀಟಿಯೇ ಲೇಸು. ಬಾಗಿಲಲ್ಲೇ ಅಂಗೈಯಗಲದ ಚೀಟಿ, ತುಂಡು ಪೆನ್ಸಿಲ್ ಕೊಡಿ. ಕಥೆಗಳು ಶುರುವಾಗುವ ಮೊದಲೇ ಹೆಚ್ಚಿನವನ್ನು ವಾಪಸು ತೆಗೆದುಕೊಳ್ಳಿ. ಖಾಲಿ ಚೀಟಿ ಕೊಟ್ಟರೆ 'ಹಾಸ್ಯಕ್ಕೆ ಹೇಗೆ ಬಂದಿರಿ?' ಎಂಬ ಪ್ರಶ್ನೆಯೇ ಮೂವತ್ತು ಬರುತ್ತದೆ. ಮೇಲೆ ಅರ್ಧ ವಾಕ್ಯ ಅಚ್ಚು ಹಾಕಿಸಿ. 'ಈ ಮೂವರಲ್ಲಿ ಯಾರು...' ಎಂದು ಅರ್ಧಕ್ಕೆ, 'ನಾನು ಹೀಗೆ ಮಾಡಿದ್ದು ತಪ್ಪಾ:' ಎಂದು ಇನ್ನರ್ಧಕ್ಕೆ. ಮೊದಲನೆಯದು ಮೂವರ ನಡುವೆ ಜಗಳ ಹಚ್ಚುತ್ತದೆ, ಎರಡನೆಯದು ಸಭೆಯ ಫಜೀತಿಯನ್ನೇ ವೇದಿಕೆಗೆ ತರುತ್ತದೆ. 'ನಿಮ್ಮ ಅತ್ಯಂತ ಮರೆಯಲಾಗದ' ಎಂದು ಶುರುವಾಗುವ ಪ್ರಶ್ನೆ ಬೇಡ. ಕೇಳಿದ ಕೂಡಲೇ ಮನುಷ್ಯನಿಗೆ ಎಲ್ಲವೂ ಮರೆತು ಹೋಗುತ್ತದೆ.

ಚೀಟಿ ವಿಂಗಡಿಸುವವರು ವೇದಿಕೆಯ ಮೇಲಿನ ಮೂವರಲ್ಲಿ ಒಬ್ಬರಾಗಿರಬಾರದು. ನಾಲ್ಕನೆಯವರೊಬ್ಬರು ಕಥೆಗಳು ನಡೆಯುತ್ತಿರುವಾಗ ಪಕ್ಕದಲ್ಲಿ ಕೂತು ಮಾಡಲಿ. ಮೂರು ಗುಡ್ಡೆ: 20 ಸೆಕೆಂಡಿನಲ್ಲಿ ಮುಗಿಯುವವು, ಜಗಳದವು, ಕಥೆ ಎಳೆಯುವವು. 28 ನಿಮಿಷಕ್ಕೆ 13-14 ಪ್ರಶ್ನೆ ಸಾಕು, ಆದರೆ 20 ಆರಿಸಿಡಿ, ಕೆಲವು ಠುಸ್ ಆಗುತ್ತವೆ. ಎರಡು ಚಿಕ್ಕದು, ಒಂದು ಜಗಳ, ಮತ್ತೆ ಚಿಕ್ಕದು, ಒಂದು ಕಥೆ, ಹೀಗೆ ಜೋಡಿಸಿ. ಅಕ್ಷರ ಅರ್ಥವಾಗದ ಚೀಟಿಯನ್ನು ಬೇರೆ ಕಾಗದಕ್ಕೆ ದಪ್ಪಗೆ ಬರೆದಿಡಿ. ವೇದಿಕೆಯ ಮೇಲೆ ತಡವರಿಸಿ ಓದಿದರೆ ಪ್ರಶ್ನೆ ಬಾಯಿಂದ ಹೊರಬೀಳುವ ಮುಂಚೆಯೇ ಹಳಸಿರುತ್ತದೆ.

ಉತ್ತರಿಸುವಾಗ ಮೊದಲು ಒಂದೇ ಪದದ ತೀರ್ಪು, ಆಮೇಲೆ ಕಾರಣ. 'ಅದು ಹೇಗೆ ಅಂದ್ರೆ' ಎಂದು ಪೀಠಿಕೆ ಹಾಕಬೇಡಿ. ಜಗಳದ ಪ್ರಶ್ನೆ ಬಂದರೆ ಒಂದು, ಎರಡು, ಮೂರು ಎಂದು ಎಣಿಸಿ ಮೂವರೂ ಒಂದೇ ಹೊತ್ತಿಗೆ ಬೆರಳು ತೋರಿಸಿ. ಇಬ್ಬರ ಬೆರಳು ಒಬ್ಬನ ಕಡೆ, ಅವನ ಬೆರಳೂ ತನ್ನ ಕಡೆಗೇ ತಿರುಗಿತೆಂದರೆ ಉತ್ತರವೇ ಬೇಕಾಗಿಲ್ಲ. ಪ್ರತಿ ಪ್ರಶ್ನೆಗೂ ಮೂವರೂ ಉತ್ತರಿಸುವ ಸಮಾನತೆ ಬೇಡ, ಇಬ್ಬರು ಸಾಕು. ಮತ್ತೊಂದು, ಕಾಲೆಳೆಯುವುದಾದರೆ ಪಕ್ಕದವನ ಕಾಲೆಳೆಯಿರಿ. ಚೀಟಿ ಬರೆದವರನ್ನು ಗೇಲಿ ಮಾಡಿದರೆ ಮುಂದಿನ ಸಲ ಯಾರೂ ಮನಬಿಚ್ಚಿ ಬರೆಯುವುದಿಲ್ಲ.

ಮೈಕ್ ಕೊಡಲೇಬೇಕಾಗಿ ಬಂದರೆ, ಸ್ವಯಂಸೇವಕರು ಅದನ್ನು ತಾವೇ ಹಿಡಿದಿರಲಿ, ಕೈಗೆ ಒಪ್ಪಿಸಬಾರದು. ಪ್ರಶ್ನೆ ಕೇಳಬೇಕಾದವರು ತಮ್ಮ ಆತ್ಮಕಥೆ ಶುರು ಹಚ್ಚಿದರೆ ನಗುತ್ತ 'ಇದು ನಮ್ಮಲ್ಲಿ ಯಾರಿಗೆ?' ಎಂದು ಕೇಳಿ. ಅವರು ತಾವೇ ಪ್ರಶ್ನೆಗೆ ಬಂದುಬಿಡುತ್ತಾರೆ.

ಧ್ವನಿಯ ಬಗ್ಗೆ. ಕೂತವರ ಕೈಗೆ ಮೈಕ್ ಕೊಟ್ಟರೆ ನಗುವಾಗ ಅದು ಹೊಟ್ಟೆಗೆ ಇಳಿಯುತ್ತದೆ. ಕಾಲರ್ ಮೈಕ್ ಹಾಕಿದರೆ ಗೆಳೆಯನ ಕಡೆ ತಿರುಗಿದಾಗ ದನಿ ತೆಳುವಾಗುತ್ತದೆ. ಬಗ್ಗುವ ಸ್ಟ್ಯಾಂಡಿನ ಮೇಲೆ ತಲಾ ಒಂದು ಡೈನಮಿಕ್ ಮೈಕ್ (ಹಾಡುಗಾರರು ವೇದಿಕೆಯಲ್ಲಿ ಬಳಸುವ ಮಾಮೂಲಿ ಬಗೆ), ಬಾಯಿಂದ ನಾಲ್ಕು ಬೆರಳಿನಷ್ಟು ದೂರ, ಇದು ನನ್ನ ಆಯ್ಕೆ. ಬಾಯಿಗೂ ಮೈಕಿಗೂ ಇರುವ ದೂರದ ಮೂರು ಪಟ್ಟಾದರೂ ಮೈಕ್ ಮೈಕಿನ ನಡುವೆ ಇರಲಿ. ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯಬೇಡಿ. ಹಿಂದಿನಿಂದ ಬರುವ ಸದ್ದನ್ನು ತಡೆಯುವ ಗುಣ ಹೋಗಿ ಸ್ಪೀಕರ್ ಕುಂಯ್ ಎನ್ನುತ್ತದೆ. ಸ್ಪೀಕರ್‌ಗಳು ಮೈಕಿಗಿಂತ ಮುಂದೆ, ಸಭೆಯ ಕಡೆ ಇರಲಿ.

ರೆಕಾರ್ಡ್ ಮಾಡುವುದಾದರೆ ಪ್ರತಿ ಮೈಕಿಗೂ ಬೇರೆ ಟ್ರ್ಯಾಕ್, ಜೊತೆಗೆ ಸಭೆಯ ಕಡೆ ಮುಖ ಮಾಡಿದ ಎರಡು ಮೈಕ್. ಈ ಎರಡು ರೆಕಾರ್ಡಿಂಗಿಗೆ ಮಾತ್ರ, ಸ್ಪೀಕರಿಗೆ ಬೇಡ. ಇವಿಲ್ಲದಿದ್ದರೆ ಕೇಳುವವರಿಗೆ ಪ್ರತಿ ಪಂಚ್ ಬಾವಿಗೆ ಬಿದ್ದ ಹಾಗಿರುತ್ತದೆ. ರೆಕಾರ್ಡರಿನ ಮೀಟರಿನಲ್ಲಿ (ಅಲ್ಲಿ 0 ದಾಟಿದರೆ ಸದ್ದು ಒಡೆಯುತ್ತದೆ) ಮಾತಿನ ಗರಿಷ್ಠ ಮಟ್ಟ −12 ಡೆಸಿಬೆಲ್ ಸುತ್ತ ಇಟ್ಟರೆ ದಿಢೀರ್ ಕೇಕೆಗೆ ಜಾಗ ಉಳಿಯುತ್ತದೆ. ಸಭೆಯ ಮೈಕ್ 10 ಮೀಟರ್ ದೂರವಿದ್ದರೆ ವೇದಿಕೆಯ ಮಾತು ಅದಕ್ಕೆ ಸುಮಾರು 29 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಶುರುವಿಗೆ ವೇದಿಕೆಯಲ್ಲಿ ಒಂದು ಚಪ್ಪಾಳೆ ಹೊಡೆದಿಟ್ಟರೆ ಆಮೇಲೆ ಟ್ರ್ಯಾಕ್‌ಗಳನ್ನು ಒಂದಕ್ಕೊಂದು ಹೊಂದಿಸುವುದು ಸುಲಭ.

80 ಜನಕ್ಕೆ 200 ಕುರ್ಚಿಯ ಸಭಾಂಗಣ ಸಿಕ್ಕರೆ ಹಿಂದಿನ ಸಾಲುಗಳಿಗೆ ಹಗ್ಗ ಕಟ್ಟಿ ಎಲ್ಲರನ್ನೂ ಮುಂದೆ ಕೂರಿಸಿ. ಚದುರಿ ಕೂತವರು ನಗಲು ನಾಚುತ್ತಾರೆ.

ಕೊನೆಯ ಪ್ರಶ್ನೆ ಎಂದು ಮೊದಲೇ ಘೋಷಿಸಬೇಡಿ, ಅದರ ಮೇಲೆ ಇಲ್ಲದ ಭಾರ ಬೀಳುತ್ತದೆ. ಹತ್ತು ನಿಮಿಷ ಉಳಿದಾಗ ಚೀಟಿಯವರು ಸನ್ನೆ ಮಾಡಲಿ. ಅಲ್ಲಿಂದ ಮುಂದೆ ಸಭೆಯ ಜೊತೆ ನೀವು ಮೂವರೂ ತಡೆಯಲಾಗದೆ ನಕ್ಕ ಮೊದಲ ಉತ್ತರಕ್ಕೇ ನಮಸ್ಕಾರ ಹೇಳಿ ಎದ್ದುಬಿಡಿ, ಕೈಯಲ್ಲಿ ಆರು ಚೀಟಿ ಉಳಿದಿದ್ದರೂ ಸರಿ.