ಅಲಾರಂ ಯಾರ ಪಕ್ಕದಲ್ಲಿರಬೇಕು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಕೆ ನನ್ನ ಬಳಿ ಆಪ್ತಸಲಹೆಗೆ ಬಂದಿದ್ದು ಗಂಡನ ಸಿಟ್ಟಿನ ಬಗ್ಗೆ ಮಾತಾಡಲು. ಹದಿನಾಲ್ಕು ತಿಂಗಳ ಹಿಂದೆ ಏಣಿಯಿಂದ ಬಿದ್ದು ಆತನ ಬೆನ್ನುಹುರಿಗೆ ಪೆಟ್ಟಾಗಿತ್ತು. ಪೆಟ್ಟಿನ ಮಟ್ಟ ಟಿ-10, ಅಂದರೆ ಬೆನ್ನುಹುರಿಯ ಎದೆಭಾಗದ ಹತ್ತನೇ ಮಟ್ಟ. ಹೊಕ್ಕುಳಿನಿಂದ ಕೆಳಗೆ ಸ್ಪರ್ಶವಿಲ್ಲ, ಚಲನೆಯಿಲ್ಲ, ಮಲಮೂತ್ರದ ಹಿಡಿತವೂ ಇಲ್ಲ. ಕೈ, ಭುಜ ಮಾತ್ರ ಮೊದಲಿನಷ್ಟೇ ಗಟ್ಟಿ.

"ಎಷ್ಟು ಮಾಡಿದರೂ ಇವರಿಗೆ ಸಿಡಿಮಿಡಿ" ಎಂದರು. ದಿನ ಹೇಗೆ ಹೋಗುತ್ತೆ ಅಂತ ಕೇಳಿದೆ. ಒಂದೇ ಕಡೆ ಭಾರ ಬಿದ್ದು ಚರ್ಮ ಹುಣ್ಣಾಗದಿರಲಿ ಅಂತ ರಾತ್ರಿ ಎರಡು ಗಂಟೆಗೊಮ್ಮೆ ಅಲಾರಂ ಇಟ್ಟು ಎದ್ದು ಆತನ ಮಗ್ಗುಲು ಬದಲಿಸುವುದು. ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾಥೆಟರ್ ಎಂಬ ತೆಳು ಕೊಳವೆ ಹಾಕಿ ಮೂತ್ರ ತೆಗೆಯುವುದು. ಬೆಳಗ್ಗೆ ಮಲ ಹೋಗಿಸುವುದು, ಸ್ನಾನ, ಹಿಮ್ಮಡಿ, ಪಿರ್ರೆ ಕೆಂಪಾಗಿದೆಯಾ ಅಂತ ನೋಡುವುದು. "ನೀವು ನಾಲ್ಕು ಗಂಟೆ ಒಂದೇ ಸಮನೆ ಮಲಗಿದ್ದು ಯಾವಾಗ?" ಅಂದೆ. ಉತ್ತರ ಬರಲಿಲ್ಲ, ಅಳು ಬಂತು.

ಮುಂದಿನ ಸಲ ಆತನೊಬ್ಬನ ಜೊತೆಯೇ ಮಾತಾಡಿದೆ. "ಮೂತ್ರ ಎಷ್ಟು ಹೋಯಿತು, ಗಾಯ ಆಗಿದೆಯಾ, ನನ್ನ ಮೈ ಲೆಕ್ಕ ನನಗೇ ಗೊತ್ತಿಲ್ಲ ಮೇಡಂ. ಅವಳನ್ನು ಕೇಳಬೇಕು." ಆಸ್ಪತ್ರೆಯಲ್ಲಿ ಕ್ಯಾಥೆಟರ್ ಹಾಕಿಕೊಳ್ಳಲು ಕಲಿಸಿದ್ದರಂತೆ. ಮನೆಗೆ ಬಂದ ಹೊಸದರಲ್ಲಿ ಒಮ್ಮೆ ಸೋಂಕಾಗಿ ಚಳಿಜ್ವರ ಬಂತು. ಅಂದಿನಿಂದ ಆಕೆ ಅದನ್ನು ಆತನ ಕೈಗೆ ಕೊಟ್ಟೇ ಇಲ್ಲ.

ಇಲ್ಲಿ ತಪ್ಪು ಯಾರದೂ ಅಲ್ಲ, ಹೆದರಿಕೆಯದು. ಆದರೆ ಆಕೆಯ ದಣಿವು, ಆತನ ಸಿಟ್ಟು ಎರಡಕ್ಕೂ ಬೇರು ಒಂದೇ ಅಂತ ನನಗನ್ನಿಸಿತು. ಆತ ಮಾಡಬಲ್ಲ ಕೆಲಸವನ್ನೂ ಆಕೆಯೇ ಮಾಡುತ್ತಿದ್ದರು.

ಇಬ್ಬರನ್ನೂ ಕೂರಿಸಿ ಹೇಳಿದೆ: ಎಲ್ಲವನ್ನೂ ಒಟ್ಟಿಗೆ ಬಿಡಬೇಡಿ, ಮೊದಲು ಕ್ಯಾಥೆಟರ್. ಪುನರ್ವಸತಿ ನರ್ಸ್ ಹತ್ತಿರ ಇನ್ನೊಮ್ಮೆ ಕಲಿಯಲಿ. ಆಮೇಲೆ ಚರ್ಮ ನೋಡುವುದು. ಉದ್ದ ಹಿಡಿಯ ಕನ್ನಡಿ ಸಾಕು. ಗಾಲಿಕುರ್ಚಿಯಲ್ಲಿ 15–30 ನಿಮಿಷಕ್ಕೊಮ್ಮೆ ಮುಂದಕ್ಕೆ ಬಾಗಿ ಭಾರ ಇಳಿಸುವುದಂತೂ ಆತನದೇ ಕೆಲಸ, ಯಾರೂ ನೆನಪಿಸಬಾರದು. ರಾತ್ರಿ ಮಗ್ಗುಲಾಗಲು ಮಂಚಕ್ಕೆ ಹಿಡಿಕೆ ಹಾಕಿಸಿ. ಚರ್ಮ ಚೆನ್ನಾಗಿದ್ದರೆ ಎರಡು ಗಂಟೆಯ ಅಂತರ ಹೆಚ್ಚಿಸಬಹುದಾ ಅಂತ ವೈದ್ಯರನ್ನು ಕೇಳಿ, ನೀವೇ ತೀರ್ಮಾನ ಮಾಡಬೇಡಿ. ಅಲಾರಂ ಆತನ ದಿಂಬಿನ ಪಕ್ಕಕ್ಕೆ ಹೋಗಲಿ.

ಅತ್ತೆಯ ಮಾತೂ ಬಂತು. ಮಗನ ಕಾಲು ತಾನಾಗಿ ಅದುರಿದಾಗಲೆಲ್ಲ "ನೋಡು, ಜೀವ ಬರ್ತಿದೆ" ಅಂತಾರಂತೆ. ಅದು ಸ್ನಾಯುಸೆಳೆತ, ಅಷ್ಟರಿಂದಲೇ ಗುಣವಾಗುತ್ತಿದೆ ಅನ್ನುವಂತಿಲ್ಲ. ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಮೂತ್ರದ ಸೋಂಕು, ಮಲಬದ್ಧತೆ, ಗಾಯ ಏನಾದರೂ ಇದೆಯಾ ಅಂತ ನೋಡಬೇಕು. ಆದರೆ ಇದನ್ನು ಅವರಿಗೆ ಸೊಸೆ ಹೇಳುವುದು ಬೇಡ, ವೈದ್ಯರೇ ಹೇಳಲಿ ಅಂದೆ. ಸೊಸೆ ಬಾಯಲ್ಲಿ ಬಂದರೆ ಅದು ಬೇರೆಯೇ ಅರ್ಥವಾಗುತ್ತೆ, ಅಲ್ವಾ?

ಮೂರನೇ ವಾರ ಹಿಮ್ಮಡಿಯಲ್ಲಿ ಕೆಂಪು ಕಾಣಿಸಿತು. ಆಕೆ ಫೋನ್ ಮಾಡಿ, "ನಾನೇ ಮಾಡಿದ್ದರೆ ಹೀಗಾಗುತ್ತಿರಲಿಲ್ಲ" ಎಂದರು. ಮೊದಲು ಕಂಡಿದ್ದು ಯಾರಿಗೆ ಅಂತ ಕೇಳಿದೆ. ಆತನಿಗೇ, ಕನ್ನಡಿಯಲ್ಲಿ. ಹಿಮ್ಮಡಿ ಯಾವುದಕ್ಕೂ ತಾಗದಂತೆ ಎತ್ತಿಡಿ, ಕೆಂಪು ಇಳಿಯದಿದ್ದರೆ ಇವತ್ತೇ ತೋರಿಸಿ ಅಂದೆ. ಇಳಿಯಿತು.

ಕೊನೆಯ ಭೇಟಿಯಲ್ಲಿ ಆಕೆ ಹೇಳಿದ್ದು: ರಾತ್ರಿ ಎರಡಕ್ಕೆ ಈಗಲೂ ಎಚ್ಚರವಾಗುತ್ತೆ. ಅಲಾರಂ ಹೊಡೆದುಕೊಳ್ಳುತ್ತೆ, ಮಂಚ ಕಿರ್ ಅನ್ನುತ್ತೆ. ಸುಮ್ನೆ ಕೇಳಿಸಿಕೊಂಡು ಮಲಗಿರುತ್ತಾರಂತೆ.