‘ಅಕ್ಕಾರ, ನಿಮಗ್ಯಾಕ್ರಿ ತ್ರಾಸ?’

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಹತ್ತುವ ವಿವರಗಳನ್ನೆಲ್ಲ ಬದಲಿಸಿದೆ.)

ಗಿರಿಜಾ ಎಂದಿಟ್ಟುಕೊಳ್ಳೋಣ. ವಯಸ್ಸು 48, ಧಾರವಾಡದ ಕಡೆಯವರು, ಮದುವೆಯಾಗಿ ಪುಣೆಗೆ ಬಂದವರು. ಪುಣೆ ಹತ್ತಿರದ ಚಾಕಣ್‌ನಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ 22 ವರ್ಷ ಕಳೆದಿದ್ದಾರೆ. ಆಪ್ತಸಮಾಲೋಚನೆಗೆಂದು ನಮ್ಮಲ್ಲಿಗೆ ಮೊದಲ ಸಲ ಬರುವಾಗ ರಾಜೀನಾಮೆ ಪತ್ರ ಬರೆದು ಪರ್ಸಿನಲ್ಲಿಟ್ಟುಕೊಂಡೇ ಬಂದಿದ್ದರು.

ಬೈದವರಿಲ್ಲ, ಜಗಳವೂ ಆಗಿಲ್ಲ. ಹೊಸ ಮ್ಯಾನೇಜರ್‌ಗೆ 33 ವರ್ಷ, ವಿಜಯಪುರದವರು. ‘ಅಕ್ಕಾರ’ ಎಂದೇ ಮಾತಾಡಿಸುತ್ತಾರೆ. ಗಿರಾಕಿ ಕಂಪನಿಯವರ ಆಡಿಟ್ (ಗುಣಮಟ್ಟದ ತಪಾಸಣೆ) ಬಂದರೆ ‘ಸಂಜಿಕ ತಡಾ ಆಗತೈತಿ, ನಿಮಗ್ಯಾಕ್ರಿ ತ್ರಾಸ?’ ಎಂದು 29ರ ಹುಡುಗನಿಗೆ ಒಪ್ಪಿಸುತ್ತಾರೆ. ಅಳತೆಯ ಸಿಎಂಎಂ ಯಂತ್ರಕ್ಕೆ ಹೊಸ ಸಾಫ್ಟ್‌ವೇರ್ ಬಂದಾಗ ತರಬೇತಿಗೆ ಇವರ ಹೆಸರು ಹೋಗಲಿಲ್ಲ; ಬರುತ್ತೀರಾ ಎಂದು ಕೇಳಿದವರೂ ಇಲ್ಲ. ವಾರ್ಷಿಕ ಮೌಲ್ಯಮಾಪನದಲ್ಲಿ ‘ನಂಬಿಕಸ್ಥರು, ಎಲ್ಲರನ್ನೂ ಮನೆಯವರಂತೆ ನೋಡಿಕೊಳ್ಳುತ್ತಾರೆ, ಹುರುಪು ಸಾಲದು’ ಎಂದು ಬರೆದಿತ್ತು.

ಅಳತೆಯ ಕೋಣೆಯನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಸೆಕೆಗೆ ಲೋಹ ಹಿಗ್ಗಿದರೆ ಅಳತೆ ತಪ್ಪುತ್ತದೆ. ಮುಟ್ಟು ನಿಲ್ಲುವ ವಯಸ್ಸು, ಮೈಯೆಲ್ಲ ಒಮ್ಮೆಲೇ ಕಾದುಬಂದಾಗ ಗಿರಿಜಾ ಐದು ನಿಮಿಷ ಅಲ್ಲಿ ಹೋಗಿ ನಿಲ್ಲುತ್ತಿದ್ದರು. ಟ್ರೇನಿ ಹುಡುಗರು ಆ ಕೋಣೆಗೆ ‘ಕಾಕೂಚಾ ಎಸಿ’ (ಮರಾಠಿಯಲ್ಲಿ ‘ಚಿಕ್ಕಮ್ಮನ ಎಸಿ’) ಎಂದು ಹೆಸರಿಟ್ಟರು. ಅದು ಕಿವಿಗೆ ಬಿದ್ದ ರಾತ್ರಿಯೇ ಪತ್ರ ಬರೆದದ್ದು.

ಹೆಂಗಸಾದ್ದರಿಂದ ಮನೆಗೆ ಬೇಗ ಹೋಗಬೇಕು, ಐವತ್ತರ ಹತ್ತಿರ ಬಂದವರಾದ್ದರಿಂದ ದಣಿದಿರಬೇಕು: ಎರಡು ಊಹೆ ಒಟ್ಟಾದರೆ ಹೀಗೆ ಆಗುತ್ತದೆ. ವಾಸ್ತವದಲ್ಲಿ ಇವರ ಮಗ ಓದಲು ಬೆಂಗಳೂರಿನಲ್ಲಿದ್ದಾನೆ, ಗಂಡನದು ಎರಡನೇ ಪಾಳಿ. ಸಂಜೆ ಮನೆಯಲ್ಲಿ ಕಾಯುವವರು ಯಾರೂ ಇಲ್ಲ. ಅದನ್ನು ಕೇಳಿ ತಿಳಿಯುವ ಗೋಜಿಗೇ ಯಾರೂ ಹೋಗಿರಲಿಲ್ಲ. ಕಾಳಜಿಯ ಮಾತಿನಲ್ಲಿ ಬರುವ ತಾರತಮ್ಯವನ್ನು ಎದುರಿಸುವುದು ಕಷ್ಟ, ಏಕೆಂದರೆ ಬೇಡ ಅಂದವರೇ ಒರಟರಾಗಿ ಕಾಣುತ್ತಾರೆ.

ಪುಣೆಯ ಕನ್ನಡಿಗರಲ್ಲಿ ಈ ವಿಷಯ ಎತ್ತಿದರೆ ಸುಧಾ ಮೂರ್ತಿಯವರ ಮಾತು ಬಂದೇ ಬರುತ್ತದೆ. ಹೆಣ್ಣುಮಕ್ಕಳು ಅರ್ಜಿ ಹಾಕಬೇಕಿಲ್ಲ ಎಂಬ ಟೆಲ್ಕೋ (ಇಂದಿನ ಟಾಟಾ ಮೋಟರ್ಸ್) ಜಾಹೀರಾತು ಕಂಡು 1974ರಲ್ಲಿ ಜೆ.ಆರ್.ಡಿ. ಟಾಟಾ ಅವರಿಗೆ ಕಾರ್ಡು ಬರೆದು, ಕೊನೆಗೆ ಆ ಕೆಲಸಕ್ಕೇ ಸೇರಿದವರು ಅವರು. ಗಿರಿಜಾ ಹೇಳಿದ್ದು: ‘ಅದು ಬಾಗಿಲಾ ತೆಗಸೋ ಮಾತ್ರಿ. ನಾ ಒಳಗ ಬಂದು 22 ವರ್ಷ ಆತು. ಈಗ ಕುಂತ ಖುರ್ಚಿ ಸರಸಾಕತ್ತಾರ.’ ಪ್ರಕರಣದ ತಿರುಳು ಈ ಮಾತಿನಲ್ಲೇ ಇತ್ತು.

ಮೊದಲು ಮೈಯ ವಿಷಯ ನೋಡಬೇಕಾಯಿತು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 12 ಅಂಕ ಬಂತು. 10ರಿಂದ 14 ಎಂದರೆ ಖಿನ್ನತೆಯ ಲಕ್ಷಣ ಮಧ್ಯಮ ಮಟ್ಟದ್ದು. ಸಾಯುವ ಯೋಚನೆಯ ಪ್ರಶ್ನೆಗೆ ಸೊನ್ನೆ. ರಾತ್ರಿ ಬೆವರಿ ಎಚ್ಚರವಾಗುತ್ತಿದ್ದುದರಿಂದ ಸ್ತ್ರೀರೋಗ ತಜ್ಞರ ಬಳಿ ಕಳಿಸಿ, ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಲು ಹೇಳಿದೆವು. ನಿದ್ದೆಗೆಟ್ಟವರು ರಾಜೀನಾಮೆಯ ನಿರ್ಧಾರ ಮಾಡಬಾರದು. ಪತ್ರವನ್ನು ಆರು ವಾರ ಕಪಾಟಿನಲ್ಲಿಡುವುದಕ್ಕೆ ಅವರು ಒಪ್ಪಿದರು.

ಬಳಿಕ ಮೂರು ವಾರ ಒಂದು ನೋಟ್‌ಬುಕ್. ತಾರೀಖು, ಯಾವ ಕೆಲಸ, ಯಾರಿಗೆ ಹೋಯಿತು, ತೀರ್ಮಾನ ಯಾರದು, ಹೇಳಿದ ಕಾರಣ ಇದ್ದ ಶಬ್ದದಲ್ಲೇ. ನೋವು, ಸಿಟ್ಟು ಬರೆಯಲು ಬೇರೆ ಪುಟ. ಎರಡೂ ಬೆರೆತರೆ ನಾಳೆ ಆ ದಾಖಲೆಗೆ ಬೆಲೆ ಇರುವುದಿಲ್ಲ. ಕಂಪನಿಯ ಕಡತಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ ಎಂದು ಒತ್ತಿ ಹೇಳಿದೆವು. ಸಾಕ್ಷಿ ಕೂಡಿಡಲು ಹೋಗಿ ಗೌಪ್ಯತೆ ಮುರಿದ ಆರೋಪ ಹೊತ್ತವರಿದ್ದಾರೆ.

ಮೂರು ವಾರಕ್ಕೆ 11 ಸಂಗತಿ ಸೇರಿದವು. ಏಳರಲ್ಲಿ ಹೇಳಿದ ಕಾರಣ ‘ನಿಮ್ಮ ಅನುಕೂಲಕ್ಕೆ’. ಎರಡರಲ್ಲಿ ಕೊರತೆ ನಿಜವಾದದ್ದು, ಆ ಹೊಸ ಸಾಫ್ಟ್‌ವೇರ್ ಇವರಿಗೆ ಬರುತ್ತಿರಲಿಲ್ಲ. ಉಳಿದೆರಡರಲ್ಲಿ ಯಾರೂ ತಡೆದಿರಲಿಲ್ಲ. ‘ಈಗಿನ ಹುಡುಗರು ಕೇಳೂದಿಲ್ಲ ಬಿಡ್ರಿ’ ಎಂದು ತಾವೇ ಹಿಂದೆ ಸರಿದಿದ್ದರು. ಅದೂ ವಯಸ್ಸಿನ ಪೂರ್ವಗ್ರಹವೇ. ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ನೋಟ್‌ಬುಕ್ ಮುಚ್ಚಿದರು. ಮುಂದಿನ ವಾರ ಅದೇ 29ರ ಸಹೋದ್ಯೋಗಿಯೊಂದಿಗೆ ಕರಾರು ಆಯಿತು: ವಾರಕ್ಕೆ ಎರಡು ಸಲ, 40 ನಿಮಿಷ. ಅವನು ಸಾಫ್ಟ್‌ವೇರ್ ಕಲಿಸುವುದು, ಇವರು ಆಡಿಟರ್ ಯಾವ ಕಾಗದ ಮೊದಲು ಕೇಳುತ್ತಾನೆ, ಯಾಕೆ ಕೇಳುತ್ತಾನೆ ಎಂಬುದನ್ನು ತೋರಿಸುವುದು.

ಮ್ಯಾನೇಜರ್ ಜೊತೆಗಿನ ಮೊದಲ ಮಾತು ಕೆಟ್ಟಿತು. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಶುರು ಮಾಡಿದ್ದರು. ‘ನೀವು ನಮ್ಮಕ್ಕ ಇದ್ದಂಗ, ಹಂಗ್ಯಾಕ ಅಂತೀರಿ’ ಎಂದು ಮ್ಯಾನೇಜರ್ ಕಣ್ಣು ತುಂಬಿಕೊಂಡರು; ಗಿರಿಜಾ ಅವರೇ ಸಮಾಧಾನ ಮಾಡಿ ಎದ್ದುಬಂದರು. ಅಕ್ಕ-ತಮ್ಮನ ಮಾತಿನಲ್ಲಿ ಕೆಲಸದ ಮಾತು ಕರಗಿಹೋಗುವುದು ಹೀಗೆ. ಎರಡನೇ ಸಲ ಸಮಯ ಕೇಳಿ, ಅವರ ಕೋಣೆಯಲ್ಲಿ, 20 ನಿಮಿಷ. ಮೌಲ್ಯಮಾಪನದ ವಾರ ಬೇಡ, ಲೈನ್ ನಿಂತ ದಿನ ಬೇಡ. ಒಂದೇ ಘಟನೆ, ಒಂದೇ ಕೋರಿಕೆ, ಒಂದು ತಾರೀಖು. ಪಕ್ಷಪಾತ ಎಂಬ ಶಬ್ದವನ್ನೇ ಎತ್ತಬಾರದು; ಎತ್ತಿದರೆ ಚರ್ಚೆ ಅವರ ಒಳ್ಳೆಯತನದ ಮೇಲೆ ತಿರುಗುತ್ತದೆ. ಅಭ್ಯಾಸ ಮಾಡಿಸಿದ ಮಾತು ಇಷ್ಟೇ: ‘ಹೋದ ತಿಂಗಳ ಆಡಿಟ್ ನನ್ನ ಕೇಳದ ಬ್ಯಾರೆಯವ್ರಿಗೆ ಹೋತು. ತಡಾ ಆಗೂದು ನನಗ ಅಡ್ಡಿ ಇಲ್ಲ. ಮುಂದಿನ ಆಡಿಟ್ ನಾ ನಡಸ್ತೀನಿ. ಈ ಶುಕ್ರವಾರದೊಳಗ ಹೇಳ್ರಿ.’ ಅದೇ ಸಂಜೆ ಮೂರು ಸಾಲಿನ ಮೇಲ್. ‘ಹುರುಪು ಸಾಲದು’ ಎಂದದ್ದಕ್ಕೆ ಯಾವ ಕೆಲಸ, ಯಾವ ದಿನ ಎಂದು ಬರಹದಲ್ಲಿ ಕೇಳಲು ಹೇಳಿದೆವು.

ಕಾನೂನನ್ನೂ ಅವರು ಕೇಳಿದರು. ಒಂದೇ ಬಗೆಯ ಕೆಲಸಕ್ಕೆ ಹೆಣ್ಣೆಂದು ಕಡಿಮೆ ಸಂಬಳ ಕೊಡುವುದನ್ನು 1976ರ ಸಮಾನ ವೇತನ ಕಾಯ್ದೆ ತಡೆದಿತ್ತು. 2019ರ ವೇತನ ಸಂಹಿತೆಯಲ್ಲೂ ಆ ನಿಯಮವಿದೆ. ಹೆಣ್ಣಿನ ಮೈ ಕುರಿತ ಮಾತು ಲೈಂಗಿಕ ಬಣ್ಣ ಪಡೆದರೆ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿಗೆ ದೂರು ಕೊಡಬಹುದು. 10 ಅಥವಾ ಹೆಚ್ಚು ಜನ ದುಡಿಯುವ ಕಡೆ ಸಮಿತಿ ಇರಲೇಬೇಕು. ದೂರಿಗೆ ಘಟನೆಯಿಂದ 3 ತಿಂಗಳ ಗಡುವು. ವಯಸ್ಸಿನ ತಾರತಮ್ಯಕ್ಕೆಂದೇ ಖಾಸಗಿ ವಲಯಕ್ಕೆ ಪ್ರತ್ಯೇಕ ಕೇಂದ್ರ ಕಾನೂನಿಲ್ಲ, ಕಂಪನಿಯ ಸ್ವಂತ ನೀತಿ ಮತ್ತು ಎಚ್‌ಆರ್ ದಾರಿಯೇ ಗತಿ. ಮೂರನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಯಾವುದೂ ನಿಲ್ಲುವುದಿಲ್ಲ. ಗಿರಿಜಾ ದೂರು ಕೊಡದಿರಲು ತೀರ್ಮಾನಿಸಿದರು, ನೋಟ್‌ಬುಕ್ ಮುಂದುವರಿಸಿದರು.

ಆರನೇ ಭೇಟಿಯ ಹೊತ್ತಿಗೆ ಪಿಎಚ್‌ಕ್ಯೂ-9 ಅಂಕ 6ಕ್ಕೆ ಇಳಿದಿತ್ತು. ಆಡಿಟ್ ಅವರ ಕೈಗೆ ಬಂತು. ‘ಹುರುಪು’ ಶಬ್ದ ಇನ್ನೂ ಕಡತದಲ್ಲಿದೆ, ಉತ್ತರಕ್ಕೆ ಎಚ್‌ಆರ್ ತಾರೀಖು ಕೊಟ್ಟಿದೆ. ಟ್ರೇನಿಗಳು ಈಗಲೂ ‘ಕಾಕೂ’ ಅನ್ನುತ್ತಾರೆ. ಅದಕ್ಕೆ ಬೇಸರವಿಲ್ಲವಂತೆ, ಆದರೆ ಗಿರಾಕಿಗಳ ಮುಂದೆ ಹೆಸರು ಹಿಡಿದೇ ಕರೆಯಬೇಕು ಎಂದು ಅವರು ತಾವೇ ಹೇಳಿದ್ದಾರೆ.