ಅಪಾರ್ಟ್‌ಮೆಂಟಿನಲ್ಲಿ ಎಲ್ಲ ಧರ್ಮದವರೂ ಸೇರಿ ಸಂಕ್ರಾಂತಿ ಮಾಡುವುದು ಹೇಗೆ?

ಬೆಂಗಳೂರಿನ 40 ಮನೆಗಳ ಅಪಾರ್ಟ್‌ಮೆಂಟು, ಹಿಂದೂ, ಮುಸ್ಲಿಂ, ಕ್ರೈಸ್ತ, ಜೈನ ಕುಟುಂಬಗಳು, ಸುಮಾರು 120 ಜನ. ಸಂಕ್ರಾಂತಿಯನ್ನು ಒಟ್ಟಿಗೆ ಮಾಡಬೇಕು, ಯಾರಿಗೂ ಮುಜುಗರವಾಗಬಾರದು ಎಂದು ಕೇಳಿದ್ದೀರಿ. ಹಬ್ಬವನ್ನು ಚೆನ್ನಾಗಿಯೇ ಆರಿಸಿಕೊಂಡಿದ್ದೀರಿ. ನಮ್ಮ ಕಡೆ ಸಂಕ್ರಾಂತಿಯ ಜೀವಾಳವೇ ಎಳ್ಳು ಬೀರುವುದು. ಅದಕ್ಕೆ ಮೂರ್ತಿಯೂ ಬೇಡ, ಮಂತ್ರವೂ ಬೇಡ, ಅಕ್ಕಪಕ್ಕದವರು ಇದ್ದರೆ ಸಾಕು.

ಎಲ್ಲಕ್ಕಿಂತ ಮೊದಲು ಪೂಜೆಯನ್ನೂ ಬೀರುವುದನ್ನೂ ಬೇರೆ ಮಾಡಿ. ಪೂಜೆ ಬೆಳಿಗ್ಗೆ ಅವರವರ ಮನೆಯಲ್ಲಿ ಆಗಲಿ, ಸಂಜೆ ಕೂಟಕ್ಕೆ ಎಲ್ಲರೂ ಬರಲಿ. ದೇವರಿಗೆ ನೈವೇದ್ಯ ಮಾಡಿದ್ದನ್ನು ತಿನ್ನದ ಮುಸ್ಲಿಂ, ಕ್ರೈಸ್ತ ಮನೆಗಳಿವೆ. ಸಂತೋಷದಿಂದ ತಿನ್ನುವವರೂ ಇದ್ದಾರೆ. ನೀವು ಯಾವ ಪೈಕಿ ಎಂದು ಒಬ್ಬೊಬ್ಬರನ್ನೇ ಕೇಳುವುದೇ ದೊಡ್ಡ ಮುಜುಗರ. ಆದ್ದರಿಂದ ಸಂಜೆಯ ಅಡುಗೆಯನ್ನು ನೈವೇದ್ಯಕ್ಕೆ ಇಡಬೇಡಿ, ಅದನ್ನು ಆಹ್ವಾನದಲ್ಲೇ ಒಂದು ಸಾಲಿನಲ್ಲಿ ಬರೆದುಬಿಡಿ. ಮನೆಯಿಂದ ಪ್ರಸಾದ ತಂದವರು ಬೇರೆ ಮೇಜಿನ ಮೇಲೆ ಚೀಟಿ ಹಚ್ಚಿ ಇಡಲಿ. ಅರಿಶಿನ ಕುಂಕುಮ ತಟ್ಟೆಯಲ್ಲಿರಲಿ, ಬೇಕಾದವರು ತಾವೇ ತೆಗೆದುಕೊಳ್ಳುತ್ತಾರೆ. ಪ್ರೀತಿಯಿಂದಲೇ ಆದರೂ ಇನ್ನೊಬ್ಬರ ಹಣೆಗೆ ತಾವಾಗಿ ಹಚ್ಚಬಾರದು.

ಹಣದ ವಿಷಯದಲ್ಲೂ ಹೀಗೆಯೇ. ಪೂಜೆಯ ಖರ್ಚನ್ನು ಸಂಘದ ಮೆಂಟೆನೆನ್ಸ್ ಹಣದಿಂದ ತೆಗೆಯಬೇಡಿ. ಇಂಥ ಕೂಟಗಳಲ್ಲಿ ಜಗಳ ಹುಟ್ಟುವುದು ಸಾಮಾನ್ಯವಾಗಿ ದೇವರ ವಿಷಯಕ್ಕಲ್ಲ, ಲೆಕ್ಕದ ವಿಷಯಕ್ಕೆ.

ಸಮಯ 4 ಗಂಟೆಗೆ ಇಟ್ಟುಕೊಳ್ಳಿ, ಊಟ 5ಕ್ಕೆ ಶುರುವಾಗಲಿ. ಜನವರಿ ಮಧ್ಯದಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಸುಮಾರು 6.10ಕ್ಕೆ. ಕಟ್ಟುನಿಟ್ಟಿನ ಜೈನರು ಆಮೇಲೆ ಉಣ್ಣುವುದಿಲ್ಲ, ಮುಸ್ಲಿಮರಿಗೆ ಆಗಲೇ ಮಗ್ರಿಬ್ ನಮಾಜು. 7 ಗಂಟೆಗೆ ಊಟ ಎಂದರೆ ಜೈನರನ್ನು ಬಿಟ್ಟು ಹಬ್ಬ ಮಾಡಿದಂತೆ.

ಈಗ ಎಳ್ಳು. ಮನೆಗೆ 100 ಗ್ರಾಂ ಪೊಟ್ಟಣದ ಲೆಕ್ಕದಲ್ಲಿ 40 ಮನೆಗೆ: ಕಡಲೆಕಾಯಿ ಬೀಜ 1.1 ಕಿಲೋ (ಹುರಿದು ಸಿಪ್ಪೆ ತೆಗೆದರೆ 1 ಕಿಲೋ ಉಳಿಯುತ್ತದೆ), ಹುರಿಗಡಲೆ 1 ಕಿಲೋ, ಒಣಕೊಬ್ಬರಿ 1.25 ಕಿಲೋ, ಅಚ್ಚುಬೆಲ್ಲ 1.25 ಕಿಲೋ, ಬಿಳಿ ಎಳ್ಳು 400 ಗ್ರಾಂ. ಕೊಬ್ಬರಿಯ ಕಂದು ಸಿಪ್ಪೆ ಹೆರೆಯುವಾಗ, ಬೆಲ್ಲ ಕತ್ತರಿಸುವಾಗ ಒಂದಿಷ್ಟು ಕಳೆಯುತ್ತದೆ. ಬೆಲ್ಲದ ಪುಡಿ ಸಿಹಿ ಪೊಂಗಲ್‌ಗೆ ಆಗುತ್ತದೆ. ಹಬ್ಬದ ಹಿಂದಿನ ಭಾನುವಾರ ಅಡಕತ್ತರಿಗಳನ್ನು ಹಿಡಿದು ಕೆಳಗಿನ ಹಾಲಿನಲ್ಲಿ ಸೇರಿ. ಬೇರೆ ಧರ್ಮದ ಮನೆಗಳನ್ನು ಕರೆಯಬೇಕಾದದ್ದು ಈ ಕೆಲಸಕ್ಕೆ. ಬರೀ ಊಟಕ್ಕೆ ಕರೆದರೆ ಅವರು ಅತಿಥಿಗಳಾಗಿ ಉಳಿಯುತ್ತಾರೆ. ಬೆಲ್ಲ ಕತ್ತರಿಸಿದವರಿಗೆ ಹಬ್ಬ ತಮ್ಮದೂ ಆಗುತ್ತದೆ.

ಕತ್ತರಿಸಿದ ಕೊಬ್ಬರಿ, ಬೆಲ್ಲ ಎರಡನ್ನೂ ಬೇರೆ ಬೇರೆ ಬಟ್ಟೆಯ ಮೇಲೆ ಎರಡು ದಿನ ಬಿಸಿಲಿಗೆ ಹಾಕಿ, ಸಂಜೆ ಮಂಜು ಬೀಳುವ ಮುಂಚೆ ಒಳಗೆ ತನ್ನಿ. ಹಸಿ ಇರುವ ಕೊಬ್ಬರಿ ಕೆಲವೇ ದಿನದಲ್ಲಿ ಮುಗ್ಗಲು ಬರುತ್ತದೆ. ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಮಾತ್ರ ಹುರಿಯಬೇಕು, ಕೆಂಪಾದರೆ ಕಹಿ. ಹುರಿದದ್ದೆಲ್ಲ ಪೂರ್ತಿ ಆರಿದ ಮೇಲೆಯೇ ಬೆಲ್ಲದ ಜೊತೆ ಬೆರೆಸಿ. ಬಿಸಿ ಇದ್ದರೆ ಬೆಲ್ಲ ಬೆವರಿ ಎಲ್ಲ ಅಂಟಿಕೊಳ್ಳುತ್ತದೆ. ಎಳ್ಳನ್ನು ರಾಶಿಗೆ ಬೆರೆಸಿದರೆ ತಳ ಸೇರಿ ಕೊನೆಯ ಪೊಟ್ಟಣಗಳಿಗೆ ಬರೀ ಎಳ್ಳೇ ಹೋಗುತ್ತದೆ, ಹಾಗಾಗಿ ಪೊಟ್ಟಣಕ್ಕೊಂದು ಚಮಚದಂತೆ ಕೊನೆಗೆ ಹಾಕಿ. ಕಡಲೆಕಾಯಿ ಅಥವಾ ಎಳ್ಳಿನ ಅಲರ್ಜಿ ಇರುವ ಮಕ್ಕಳಿದ್ದಾರೆಯೇ ಎಂದು ಮೊದಲೇ ಕೇಳಿ. ಇದ್ದರೆ ಅವರ ಪೊಟ್ಟಣವನ್ನು ಬೇರೆ ಜಾಗದಲ್ಲಿ, ಬೇರೆ ಪಾತ್ರೆಯಲ್ಲಿ ಮಾಡಬೇಕು; ಕೊನೆಗೆ ಆರಿಸಿ ತೆಗೆದರೆ ಪ್ರಯೋಜನವಿಲ್ಲ. ಸಕ್ಕರೆ ಅಚ್ಚು ಅಂಗಡಿಯಿಂದಲೇ ತನ್ನಿ, ಪಾಕದ ಹದ ಒಂದೇ ದಿನದಲ್ಲಿ ಕೈಗೆ ಬರುವಂಥದ್ದಲ್ಲ. ಕಬ್ಬು 8 ಜಲ್ಲೆ ಸಾಕು, ಮಾರುವವರ ಹತ್ತಿರವೇ ಅಡಿಯುದ್ದಕ್ಕೆ ಕಡಿಸಿಕೊಳ್ಳಿ.

120 ಜನರಿಗೆ ಖಾರ ಪೊಂಗಲ್‌ಗೆ ಅಕ್ಕಿ 4 ಕಿಲೋ, ಹೆಸರುಬೇಳೆ 3 ಕಿಲೋ, ತುಪ್ಪ 1 ಕಿಲೋ. ಜೈನರು ಹಸಿ ಶುಂಠಿ ತಿನ್ನುವುದಿಲ್ಲ, ಒಣಶುಂಠಿ ಪುಡಿ ಹಾಕಿದರೆ ಎಲ್ಲರಿಗೂ ಒಂದೇ ಪಾತ್ರೆ ಸಾಕು. ಗೆಣಸನ್ನೂ ಅವರು ಮುಟ್ಟುವುದಿಲ್ಲ. ಬೇಯಿಸುವಾಗ ಅವರೆಕಾಯಿಯ ಜೊತೆ ಹಾಕದೆ ಬೇರೆ ಬೇಯಿಸಿ. ಸಿಹಿ ಪೊಂಗಲ್‌ಗೆ ಅಕ್ಕಿ 2, ಬೇಳೆ 1, ಬೆಲ್ಲ 4 ಕಿಲೋ, ತುಪ್ಪ ಮುಕ್ಕಾಲು ಕಿಲೋ. ಅಕ್ಕಿ ಬೇಳೆ ಮೆತ್ತಗೆ ಬೆಂದ ಮೇಲೆಯೇ ಬೆಲ್ಲ ಕರಗಿಸಿ ಸೋಸಿ ಹಾಕಬೇಕು. ಮೊದಲೇ ಹಾಕಿದರೆ ಅಕ್ಕಿ ಆಮೇಲೆ ಎಷ್ಟು ಹೊತ್ತು ಇಟ್ಟರೂ ಬೇಯುವುದಿಲ್ಲ. ಎರಡೂ ಆರುತ್ತಾ ಗಟ್ಟಿಯಾಗುತ್ತವೆ, ಒಲೆಯ ಪಕ್ಕ ಕುದಿನೀರು ಇರಲಿ.

ಕಿಚ್ಚು ಹಾಯಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ದನಗಳಿರುವ ಊರಿನ ಆಚರಣೆ, ಕಾರು ನಿಂತಿರುವ ಅಂಗಳದಲ್ಲಿ ಬೇಡ. ಗಾಳಿಪಟಕ್ಕೆ ಹತ್ತಿ ದಾರ ಮಾತ್ರ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಪುಟ್ಟ ಮಕ್ಕಳಿಗೆ ಎಲಚಿಹಣ್ಣು ಎರೆಯುವುದಿದ್ದರೆ ಆರತಿ ಬೇಕೋ ಬೇಡವೋ ಎಂದು ಆಯಾ ತಂದೆ ತಾಯಿಯನ್ನು ಮೊದಲೇ ಕೇಳಿ. ಭಾಷಣ ಐದು ನಿಮಿಷ ಸಾಕು: ಸುಗ್ಗಿ, ಸೂರ್ಯ ಮಕರ ರಾಶಿಗೆ ಬರುವುದು, ಎಳ್ಳು ಬೀರುವ ಪದ್ಧತಿ. ಧರ್ಮಗಳ ಹೋಲಿಕೆಗೆ ಹೋಗಬೇಡಿ, ರಾಜಕಾರಣಿಗಳನ್ನು ಕರೆಯಬೇಡಿ.

ಇದನ್ನು ಪ್ರತಿ ವರ್ಷ ನಡೆಸುವ ಆಸೆಯಿದ್ದರೆ ಒಂದು ಮಾತು. 2030ರಲ್ಲಿ ರಂಜಾನ್ ಉಪವಾಸ ಜನವರಿಯ ಮೊದಲ ವಾರದಲ್ಲೇ ಶುರುವಾಗುತ್ತದೆ, ಸಂಕ್ರಾಂತಿ ಅದರ ಮಧ್ಯೆ ಬರುತ್ತದೆ. ಆ ವರ್ಷ ಮುಸ್ಲಿಂ ಮನೆಗಳ ಪಾಲನ್ನು ಮೊದಲೇ ಡಬ್ಬಿಗೆ ಹಾಕಿ, ಇಫ್ತಾರ್ ಹೊತ್ತಿಗೆ ಮನೆಗೆ ತಲುಪಿಸಿ.